ದಂಡ ತೆರದ ಅವಿವೇಕ

ಕಳ್ಳರ ಭಯದಿಂದ ನಾವು ಮನೆಗೆ ಬೀಗ ಹಾಕುತ್ತೇವೆ. ಮೋಸಗಾರರ ಭಯದಿಂದ ಕಾಗದಪತ್ರಗಳನ್ನು ಎರಡೆರಡು ಸಲ ಓದಿ ಸಹಿ ಮಾಡುತ್ತೇವೆ. ದುಷ್ಟರು ಸುಳಿದಾಡುವ ದಾರಿಯಲ್ಲಿ ಮಕ್ಕಳನ್ನು ಒಂಟಿಯಾಗಿ ಕಳುಹಿಸುವುದಿಲ್ಲ. ಆದರೆ ನಮ್ಮ ಮನೆಯೊಳಗೇ, ನಮ್ಮ ಮನದೊಳಗೇ ನೆಲೆಸಿರುವ ಅವಿವೇಕಕ್ಕೆ ಮಾತ್ರ ನಾವು ಯಾವ ಬೀಗವನ್ನೂ ಹಾಕಿಲ್ಲ. ಅದು ನಮಗೆ ನಗೆಯ ವಸ್ತು. “ಏನೋ ತಿಳಿಯದೆ ಮಾಡಿದ, ಬಿಡಿ” ಎಂಬ ಒಂದೇ ಮಾತಿನಲ್ಲಿ ಅದಕ್ಕೆ ಕ್ಷಮೆ ದೊರೆತುಬಿಡುತ್ತದೆ. ಮೂರು ದಶಕಗಳಿಗೂ ಹೆಚ್ಚು ಕಾಲ ರೋಗಿಗಳ ನಡುವೆ ಬಾಳಿದ ನಾನು ಕಂಡ ಸಂಗತಿಯೇ ಬೇರೆ. ಹಗೆತನದಿಂದ ಕೆಟ್ಟ ದೇಹಗಳಿಗಿಂತ ಅವಿವೇಕದಿಂದ ಕೆಟ್ಟ ದೇಹಗಳನ್ನೇ ನಾನು ಹೆಚ್ಚಾಗಿ ನೋಡಿದ್ದೇನೆ.

ಅವಿವೇಕವೆಂದರೆ ಅಜ್ಞಾನವಲ್ಲ. ತಿಳಿಯದವನು ಅಜ್ಞಾನಿ, ಅವನಿಗೆ ತಿಳಿಸಿ ಹೇಳಿದರೆ ತಿದ್ದಿಕೊಂಡಾನು. ತಿಳಿದಿದ್ದರೂ, ಅಥವಾ ಕೇಳಿ ತಿಳಿಯುವ ಅವಕಾಶ ಕೈಗೆಟುಕುವಂತಿದ್ದರೂ, “ನನಗೇನಾಗುತ್ತದೆ” ಎಂದು ನಡೆಯುವವನು ಅವಿವೇಕಿ. ಅರಿವು ಇದ್ದು ಆಚಾರದಲ್ಲಿ ಇಳಿಯದಿದ್ದರೆ ಅದು ಇದ್ದೂ ಇಲ್ಲದಂತೆ. ಈ ಮಾತನ್ನು ಪರರನ್ನು ಕುರಿತು ಬರೆಯುವ ಮೊದಲು ನನ್ನನ್ನು ಕುರಿತೇ ಬರೆಯುವುದು ನ್ಯಾಯ.

ನಿವೃತ್ತನಾಗಿ ಊರಿಗೆ ಬಂದ ಮೇಲೆ ಒಂದು ನಾಯಿಮರಿಯನ್ನು ಸಾಕಿಕೊಂಡೆ. ಒಂದು ಸಂಜೆ ಆಟವಾಡುತ್ತಿದ್ದಾಗ ಅದರ ಹಲ್ಲು ನನ್ನ ಮುಂಗೈಗೆ ನಾಟಿ ಒಂದೆರಡು ಹನಿ ರಕ್ತ ಬಂತು. ಬೇರೆ ಯಾರಾದರೂ ಇಂಥ ಗಾಯದೊಂದಿಗೆ ಬಂದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಅಟ್ಟುತ್ತಿದ್ದೆ. ನನ್ನ ಕೈಯನ್ನು ಮಾತ್ರ ಪಂಚೆಯ ಅಂಚಿನಿಂದ ಒರೆಸಿಕೊಂಡು ಸುಮ್ಮನಾದೆ. ಕಟ್ಟೆಯ ಮೇಲೆ ಕುಳಿತಿದ್ದವರು ಕೇಳಿದಾಗ, “ಮನೆಯ ಮರಿ, ಏನೂ ಆಗುವುದಿಲ್ಲ” ಎಂದು ನಕ್ಕೆ. ಏನೂ ಆಗಲಿಲ್ಲ. ಮರಿ ಆರೋಗ್ಯವಾಗಿ ಬೆಳೆಯಿತು. ನಾನೂ ಆ ಸಂಗತಿಯನ್ನು ಮರೆತೆ.

ನಾನು ಮರೆತಿದ್ದನ್ನು ಊರು ಮರೆತಿರಲಿಲ್ಲ. ಕೆಲವು ತಿಂಗಳ ನಂತರ ನಮ್ಮ ಹೊಲದ ಕೆಲಸಕ್ಕೆ ಬರುವವರೊಬ್ಬರು ಆರು ವರ್ಷದ ಮಗಳನ್ನು ಕೆಮ್ಮಿನ ಔಷಧಕ್ಕೆಂದು ನನ್ನ ಬಳಿಗೆ ಕರೆತಂದರು. ಮಗುವಿನ ಮೀನಖಂಡದ ಮೇಲೆ ಸುಣ್ಣ, ಖಾರದಪುಡಿ ಮೆತ್ತಿದ ಗಾಯವಿತ್ತು. ಬೀದಿನಾಯಿ ಕಚ್ಚಿ ನಾಲ್ಕು ದಿನಗಳಾಗಿದ್ದವು. “ಆಸ್ಪತ್ರೆಗೆ ಏಕೆ ಹೋಗಲಿಲ್ಲ?” ಎಂದು ನಾನು ಗದರಿದಾಗ ಆ ತಂದೆ ತಲೆ ತಗ್ಗಿಸಿ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ನಿಮಗ ಕಡದಾಗ ನೀವ ಏನೂ ಮಾಡಿಸ್ಕೊಳ್ಳಲಿಲ್ಲಲ್ರೀ ಸಾಹೇಬ್ರ. ಅದಕ್ಕ ನಾವೂ ಸುಮ್ಮನಿದ್ವಿ.”

ಅವಿವೇಕ ಏಕೆ ಇಷ್ಟು ಹಾನಿಕರ ಎಂಬುದಕ್ಕೆ ಆ ಒಂದು ಮಾತಿಗಿಂತ ದೊಡ್ಡ ಉತ್ತರ ನನಗೆ ಎಲ್ಲಿಯೂ ದೊರೆತಿಲ್ಲ. ತಪ್ಪಿಗೆ ತಕ್ಷಣ ದಂಡ ತೆತ್ತವನು ನಾಲ್ವರಿಗೆ ಎಚ್ಚರಿಕೆಯಾಗುತ್ತಾನೆ. ದಂಡ ತೆರದೆ ಪಾರಾದವನು ನಾಲ್ವರಿಗೆ ಮಾದರಿಯಾಗುತ್ತಾನೆ. ಆದ್ದರಿಂದ ಫಲಿಸಿದ ಅವಿವೇಕಕ್ಕಿಂತ ಫಲಿಸದೆ ಉಳಿದ ಅವಿವೇಕವೇ ಊರಿಗೆ ಹೆಚ್ಚು ಅಪಾಯಕಾರಿ.

ನಾಯಿಕಡಿತವನ್ನೇ ಇನ್ನಷ್ಟು ವಿವರವಾಗಿ ನೋಡೋಣ. ಕಚ್ಚುವ ನಾಯಿಗಳಲ್ಲಿ ಎಲ್ಲವಕ್ಕೂ ರೇಬಿಸ್ ಇರುವುದಿಲ್ಲ. ಆದ್ದರಿಂದ ಸುಣ್ಣ ಹಚ್ಚಿಕೊಂಡವರು, ಮಂತ್ರ ಹಾಕಿಸಿಕೊಂಡವರು, ಏನೂ ಮಾಡದೆ ಕುಳಿತವರು ಇವರಲ್ಲಿ ಬಹುಮಂದಿ ಬದುಕಿ ಉಳಿಯುತ್ತಾರೆ. ಬದುಕಿದವರು ಸುಣ್ಣದ ಮಹಿಮೆಯನ್ನು ಊರೆಲ್ಲ ಸಾರುತ್ತಾರೆ. ಸತ್ತವರು ಬಂದು ಸಾಕ್ಷಿ ನುಡಿಯುವುದಿಲ್ಲ. ಇನ್ನು ರೋಗವಾದರೂ ಕೂಡಲೇ ಕಾಣಿಸಿಕೊಳ್ಳುವುದಿಲ್ಲ. ಗಾಯದಲ್ಲಿ ಸೇರಿದ ವೈರಾಣು ನರಗಳ ಮೂಲಕ ನಿಧಾನವಾಗಿ ಮಿದುಳಿನತ್ತ ಸಾಗುತ್ತದೆ. ಸಾಮಾನ್ಯವಾಗಿ ಇದಕ್ಕೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಕೆಲವೊಮ್ಮೆ ಒಂದೇ ವಾರ, ಕೆಲವೊಮ್ಮೆ ವರ್ಷವೂ ಆಗಬಹುದು. ಅಷ್ಟರಲ್ಲಿ ಗಾಯ ಮಾಯ್ದಿರುತ್ತದೆ, ಮನೆಯವರು ಮರೆತಿರುತ್ತಾರೆ. ಒಂದು ದಿನ ನೀರು ನುಂಗಲಾಗದೆ ಗಂಟಲು ಬಿಗಿದಾಗ, ಗಾಳಿ ಸೋಕಿದರೆ ಮೈ ಬೆಚ್ಚಿದಾಗ, ವೈದ್ಯನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕಿದವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು ಮಂದಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 59,000 ಜನ ರೇಬಿಸ್‌ನಿಂದ ಸಾಯುತ್ತಾರೆ; ಅವರಲ್ಲಿ ಮಕ್ಕಳ ಪಾಲು ದೊಡ್ಡದು. ಪೂರ್ಣವಾಗಿ ತಡೆಯಬಹುದಾದ ರೋಗದಿಂದ ಇಷ್ಟು ಸಾವು!

ತಡೆಯುವ ಉಪಾಯ ನಿನ್ನೆ ಮೊನ್ನೆಯದಲ್ಲ. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಅವರು ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಬಾಲಕನೊಬ್ಬನಿಗೆ ಪ್ಯಾರಿಸ್ಸಿನಲ್ಲಿ ಲಸಿಕೆ ಕೊಡಿಸಲು ಆರಂಭಿಸಿದರು, ಹುಡುಗ ಬದುಕಿದ. ನಮ್ಮ ದೇಶದಲ್ಲಿಯೂ ನೂರು ವರ್ಷಗಳಿಗೂ ಮಿಗಿಲಾಗಿ ಈ ಲಸಿಕೆ ಬಳಕೆಯಲ್ಲಿದೆ. ಹಿಂದೆ ಹೊಟ್ಟೆಯ ಮೇಲೆ ಹಲವಾರು ದಿನ ಚುಚ್ಚಿಸಿಕೊಳ್ಳಬೇಕಾಗಿದ್ದುದು ನಿಜ. ಆ ಹಳೆಯ ಲಸಿಕೆ ಮರೆಯಾಗಿ ಎಷ್ಟೋ ವರ್ಷಗಳಾದವು. ಆದರೂ “ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ” ಎಂಬ ಭಯ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಹರಿದುಬರುತ್ತಿದೆ. ಈಗ ತೋಳಿಗೆ ಕೊಡುವ ನಾಲ್ಕೈದು ಸರದಿಯ ಚುಚ್ಚುಮದ್ದು ಸಾಕು. ಔಷಧ ಬದಲಾದರೂ ಮನಸ್ಸು ಬದಲಾಗದಿರುವುದು ಅವಿವೇಕದ ಇನ್ನೊಂದು ಲಕ್ಷಣ.

ಇದೆಲ್ಲ ಓದುಬರಹ ಬಾರದವರ ಮಾತು ಎಂದು ಸುಶಿಕ್ಷಿತರು ಸಮಾಧಾನಪಟ್ಟುಕೊಳ್ಳಬಾರದು. 1847ರಲ್ಲಿ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಇಗ್ನಾಸ್ ಸೆಮ್ಮೆಲ್‌ವೈಸ್ ಎಂಬ ವೈದ್ಯರಿದ್ದರು. ಅಲ್ಲಿ ವೈದ್ಯರು ಶವಗಳನ್ನು ಕೊಯ್ದು ಪರೀಕ್ಷಿಸಿದ ಕೈಯಲ್ಲೇ ಹೆರಿಗೆ ಮಾಡಿಸುತ್ತಿದ್ದರು. ಆ ವರ್ಷದ ಏಪ್ರಿಲ್‌ನಲ್ಲಿ ಆ ವಿಭಾಗದ ನೂರು ಬಾಣಂತಿಯರಲ್ಲಿ ಹದಿನೆಂಟು ಮಂದಿ ಸಾಯುವಷ್ಟರ ಮಟ್ಟಿಗೆ ಬಾಣಂತಿ ಜ್ವರ ಹಬ್ಬಿತ್ತು. ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಸೆಮ್ಮೆಲ್‌ವೈಸ್ ಕಡ್ಡಾಯ ಮಾಡಿದರು. ಕೆಲವೇ ವಾರಗಳಲ್ಲಿ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಇಷ್ಟು ಕಣ್ಣಿಗೆ ಕಟ್ಟುವಂತಿದ್ದರೂ ಅಂದಿನ ಹಿರಿಯ ವೈದ್ಯರಲ್ಲಿ ಅನೇಕರು ಒಪ್ಪಲಿಲ್ಲ. ಪ್ರಾಣ ಉಳಿಸುವ ತಮ್ಮ ಕೈಗಳೇ ಪ್ರಾಣ ತೆಗೆಯುತ್ತಿವೆ ಎಂಬುದನ್ನು ಒಪ್ಪಿಕೊಳ್ಳಲು ಅವರ ಅಭಿಮಾನ ಬಿಡಲಿಲ್ಲ. 1865ರಲ್ಲಿ ಸೆಮ್ಮೆಲ್‌ವೈಸ್ ಮಾನಸಿಕ ರೋಗಿಗಳ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಅವರನ್ನು ವಿರೋಧಿಸಿದವರು ಯಾರೂ ಕೊಲೆಗಡುಕರಲ್ಲ, ಸಜ್ಜನರು, ವಿದ್ವಾಂಸರು. ವಿದ್ಯೆ ಅವಿವೇಕಕ್ಕೆ ಮದ್ದಲ್ಲ. ಅಹಂಕಾರದ ಜೊತೆ ಕೂಡಿದ ವಿದ್ಯೆ ಅವಿವೇಕಕ್ಕೆ ಕವಚವೇ ಆಗಬಲ್ಲದು.

ಸಜ್ಜನರೆಂಬ ಮಾತನ್ನು ಇಲ್ಲಿ ಬೇಕೆಂದೇ ಬರೆದೆ. ಅವಿವೇಕವನ್ನು ನಾವು ಹಗುರವಾಗಿ ಕಾಣಲು ಮುಖ್ಯ ಕಾರಣ ಅದನ್ನು ಮಾಡುವವರ ಒಳ್ಳೆಯತನ. ಮಗುವಿನ ಗಾಯಕ್ಕೆ ಖಾರದಪುಡಿ ಮೆತ್ತಿದ ಅಜ್ಜಿಗೆ ಮಗುವಿನ ಮೇಲೆ ಪ್ರಾಣ. ಕೆಡುಕನ ಕೈಯನ್ನು ನಾವು ತಡೆಯುತ್ತೇವೆ. ಪ್ರೀತಿಯ ಕೈಯನ್ನು ತಡೆಯಲು ಸಂಕೋಚಪಡುತ್ತೇವೆ. ಆದರೆ ವೈರಾಣುವಿಗೆ ಆ ಕೈಯ ಹಿಂದಿನ ಪ್ರೀತಿ ಗೊತ್ತಿಲ್ಲ. ಒಳ್ಳೆಯ ಮನಸ್ಸು ಒಳ್ಳೆಯ ಪರಿಣಾಮಕ್ಕೆ ಹೊಣೆಯಾಗಲಾರದು; ಅದಕ್ಕೆ ವಿವೇಕದ ಜೊತೆ ಬೇಕು.

ನಾಯಿಕಡಿತ ಎಂದೋ ಒಮ್ಮೆ ಬರುವ ಆಪತ್ತು. ದಿನದಿನವೂ ನಡೆಯುವ ಅವಿವೇಕ ಇನ್ನೂ ಮೆಲ್ಲಗಿನದು. ರಕ್ತದೊತ್ತಡಕ್ಕೆ ಗುಳಿಗೆ ಸೇವಿಸುತ್ತಿರುವ ಎಷ್ಟೋ ಹಿರಿಯರು ಒತ್ತಡ ಹತೋಟಿಗೆ ಬಂತೆಂದು ತಿಳಿದ ದಿನವೇ ಗುಳಿಗೆ ನಿಲ್ಲಿಸುತ್ತಾರೆ. ಒಡ್ಡು ಕಟ್ಟಿದ್ದರಿಂದ ಹೊಲದ ಮಣ್ಣು ಕೊಚ್ಚಿಹೋಗಲಿಲ್ಲ; ಕೊಚ್ಚಿಹೋಗಲಿಲ್ಲವೆಂದು ಒಡ್ಡನ್ನೇ ಕಿತ್ತುಹಾಕಿದಂತೆ ಇದು. ಏರಿದ ಒತ್ತಡ ಬಹಳ ಮಂದಿಗೆ ತಲೆನೋವನ್ನೂ ತರುವುದಿಲ್ಲ. ತಿಂಗಳು ಕಳೆಯುತ್ತದೆ, ಏನೂ ಆಗುವುದಿಲ್ಲ, ಧೈರ್ಯ ಹೆಚ್ಚುತ್ತದೆ. ನೆರೆಯವರಿಗೂ “ನಾನು ಬಿಟ್ಟು ಆರು ತಿಂಗಳಾಯಿತು, ನೋಡಿ ಹೇಗಿದ್ದೇನೆ” ಎಂಬ ಉಪದೇಶ ಆರಂಭವಾಗುತ್ತದೆ. ಒಂದು ಮುಂಜಾನೆ ಲಕ್ವ ಹೊಡೆದು ಬಾಯಿ ಸೊಟ್ಟಗಾದಾಗ ಹಾಸಿಗೆ ಹಿಡಿಯುವವರು ಅವರೊಬ್ಬರೇ ಅಲ್ಲ. ಕೆಲಸ ಬಿಟ್ಟು ಆರೈಕೆಗೆ ನಿಲ್ಲುವ ಸೊಸೆ, ಸಾಲ ಮಾಡುವ ಮಗ, ಓದು ನಿಲ್ಲಿಸುವ ಮೊಮ್ಮಗಳು ಎಲ್ಲರೂ ಆ ದಂಡದಲ್ಲಿ ಪಾಲುದಾರರು. “ನನ್ನ ದೇಹ, ನನ್ನ ಇಷ್ಟ” ಎನ್ನುವವರು ಈ ಲೆಕ್ಕವನ್ನು ಒಮ್ಮೆ ಹಾಕಿನೋಡಬೇಕು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, “ಏನೂ ಆಗಲಿಲ್ಲ” ಎಂಬುದನ್ನು ಪ್ರಮಾಣವೆಂದು ಸ್ವೀಕರಿಸುವುದನ್ನು ಬಿಡಬೇಕು. ಏನೂ ಆಗದಿದ್ದುದು ನಮ್ಮ ಜಾಣತನದಿಂದಲೋ ಕೇವಲ ಅದೃಷ್ಟದಿಂದಲೋ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಎರಡನೆಯದಾಗಿ, ತಪ್ಪು ಮಾಡಿ ಪಾರಾದವರು ಅದನ್ನು ಜಂಬದ ಕಥೆಯಾಗಿ ಹೇಳದೆ ತಪ್ಪೆಂದೇ ಹೇಳಬೇಕು. ಊರಿನಲ್ಲಿ ನಾಲ್ವರು ಮಾತು ಕೇಳುವಂಥ ಸ್ಥಾನದಲ್ಲಿರುವ ಹಿರಿಯರು, ಶಿಕ್ಷಕರು, ವೈದ್ಯರು ಇದನ್ನು ವಿಶೇಷವಾಗಿ ನೆನಪಿಡಬೇಕು. ನಮ್ಮ ಮಾತಿಗಿಂತ ನಮ್ಮ ನಡೆಯನ್ನೇ ಜನ ಪಾಲಿಸುತ್ತಾರೆ.

ನಾಯಿಕಡಿತದ ವಿಷಯದಲ್ಲಿ ನೆನಪಿಡಬೇಕಾದದ್ದು ಸ್ವಲ್ಪವೇ. ನಾಯಿ, ಬೆಕ್ಕು, ಕೋತಿ ಯಾವುದೇ ಕಚ್ಚಲಿ, ಪರಚಲಿ, ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಖಾರ, ಅರಿಸಿನ, ಕಾಫಿಪುಡಿ ಯಾವುದನ್ನೂ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ರಕ್ತ ಬಂದ ಗಾಯವಾಗಿದ್ದರೆ ಗಾಯದ ಸುತ್ತಲೇ ಕೊಡುವ ಇಮ್ಯುನೋಗ್ಲಾಬ್ಯುಲಿನ್ ಎಂಬ ಇನ್ನೊಂದು ಔಷಧವೂ ಬೇಕಾಗುತ್ತದೆ. ವೈದ್ಯರನ್ನು ಕೇಳಿ ಪಡೆಯಬೇಕು. ನಾಯಿಗೆ ಏನಾಗುತ್ತದೆಯೋ ನೋಡೋಣವೆಂದು ಲಸಿಕೆಯನ್ನು ಮುಂದೂಡಬಾರದು. ಹೇಳಿದ ದಿನಗಳಂದು ತಪ್ಪದೆ ಹೋಗಿ ಎಲ್ಲ ಸರದಿಗಳನ್ನೂ ಪೂರೈಸಬೇಕು. ತಡವಾಗಿದ್ದರೂ “ಇನ್ನೇನು ಪ್ರಯೋಜನ” ಎಂದು ಕೂರಬಾರದು. ಲಕ್ಷಣ ಕಾಣಿಸಿಕೊಳ್ಳುವ ಮೊದಲು ಹೋದರೆ ದಾರಿ ಇನ್ನೂ ತೆರೆದೇ ಇರುತ್ತದೆ.

ಆ ಮಗುವಿನ ಮಟ್ಟಿಗೆ ದಾರಿ ತೆರೆದಿತ್ತು. ಅಂದೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆವು. ಗಾಯ ತೊಳೆದು ಎರಡೂ ಔಷಧಗಳನ್ನು ಕೊಟ್ಟರು. ಕಚ್ಚಿದ ನಾಯಿ ಅಷ್ಟರಲ್ಲಿ ಸತ್ತುಹೋಗಿತ್ತೆಂದು ಆಮೇಲೆ ತಿಳಿಯಿತು. ಮುಂದಿನ ಒಂದು ವರ್ಷ ಆ ಮಗುವಿಗೆ ಸಣ್ಣ ಜ್ವರ ಬಂದರೂ ನನ್ನ ಎದೆ ಹಾರುತ್ತಿತ್ತು. ಇಂದು ಅವಳು ನಗುನಗುತ್ತ ಶಾಲೆಗೆ ಹೋಗುತ್ತಿದ್ದಾಳೆ. ಅವಳ ತಂದೆ ನನ್ನನ್ನು ಕಂಡಾಗಲೆಲ್ಲ ಕೈಮುಗಿದು, “ನೀವ ಉಳಿಸಿದ್ರಿ” ಎನ್ನುತ್ತಾರೆ. ಆ ಕೈಮುಗಿತವನ್ನು ಸ್ವೀಕರಿಸುವಾಗ ನನಗೆ ನಾಚಿಕೆಯಾಗುತ್ತದೆ. ಅವಳನ್ನು ಅಪಾಯದ ಅಂಚಿಗೆ ತಂದದ್ದೂ ನನ್ನ ಒಂದು ನಗೆಯೇ. ಅದನ್ನು ಅವರಿಗೂ ಹೇಳಿದ್ದೇನೆ, ಕಟ್ಟೆಯ ಮೇಲೆ ಕೂರುವವರಿಗೂ ಹೇಳಿದ್ದೇನೆ. ಈಗ ತಮ್ಮೆಲ್ಲರ ಮುಂದೆಯೂ ಹೇಳಿಕೊಂಡಿದ್ದೇನೆ.