ಎರಡು ಮುದ್ರೆ ಒತ್ತಿದರೆ ಎರಡು ಪಟ್ಟು ಭದ್ರವೇ?



ಹಾಸನ ತಾಲ್ಲೂಕಿನ ಕೊರವಂಗಲದಲ್ಲಿ 1173ರ ಬೂಚೇಶ್ವರ ದೇವಾಲಯವಿದೆ. ಆ ಹೊಯ್ಸಳರ ಕಾಲದಲ್ಲಿ ದಾನ ದತ್ತಿಗಳನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಒಂದಕ್ಷರ ಅಳಿಸಿದರೂ ಕಲ್ಲು ಅದನ್ನು ಹೇಳಿಬಿಡುತ್ತದೆ. ಕಾಗದ ತಿದ್ದಿದರೂ ಶಾಯಿಯ ಗುರುತು ಉಳಿಯುತ್ತದೆ. ಆದರೆ ಇಂದು ನಮ್ಮ ಪಹಣಿ ಕಂಪ್ಯೂಟರಿನಲ್ಲಿದೆ. ವರದಕ್ಷಿಣೆಗಾಗಿ ಬಂದ ಬೆದರಿಕೆಯ ಸಂದೇಶ, ತವರಿನ ಪಾಲಿನ ಬಗ್ಗೆ ಆಡಿದ ಮಾತಿನ ಧ್ವನಿಮುದ್ರಣ ಎಲ್ಲವೂ ಮೊಬೈಲಿನಲ್ಲಿವೆ. ಇವುಗಳನ್ನು ತಿದ್ದಿದರೆ ಕಣ್ಣಿಗೆ ಏನೂ ಕಾಣದು. ಹಾಗಿದ್ದರೆ ನ್ಯಾಯಾಲಯ ಅದನ್ನು ನಂಬುವುದು ಹೇಗೆ?

ಕಡತದ ಬೆರಳಚ್ಚು

ಇದಕ್ಕಾಗಿಯೇ 'ಹ್ಯಾಶ್' ಎಂಬ ಉಪಾಯವಿದೆ. ಕಡತ ಎಷ್ಟೇ ದೊಡ್ಡದಿರಲಿ, ಒಂದು ಲೆಕ್ಕದ ಕ್ರಮ ಅದನ್ನು ಓದಿ ನಿಗದಿತ ಉದ್ದದ ಒಂದು ಸಂಖ್ಯೆಯನ್ನು ಕೊಡುತ್ತದೆ. ಒಂದು ಅಲ್ಪವಿರಾಮ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಅದನ್ನು ಕಡತದ ಬೆರಳಚ್ಚು ಎನ್ನಬಹುದು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ, ಇಂತಹ ಸಾಕ್ಷ್ಯದ ಜೊತೆ ಒಂದು ಪ್ರಮಾಣಪತ್ರವನ್ನು ಸಲ್ಲಿಸಬೇಕು. ಅದರ ನಮೂನೆಯಲ್ಲಿ ಹ್ಯಾಶ್ ಸಂಖ್ಯೆಯನ್ನು ಬರೆಯಬೇಕು. ಯಾವ ಕ್ರಮದಿಂದ ಪಡೆದದ್ದು ಎಂದು ತೋರಿಸಲು ಎಸ್‌ಎಚ್‌ಎ1, ಎಸ್‌ಎಚ್‌ಎ256, ಎಂಡಿ5 ಎಂಬ ಹೆಸರುಗಳಿವೆ.

ಇವುಗಳಲ್ಲಿ ಎರಡು ಹಳೆಯವು, ಸೋತಂಥವು. ಚೀನಾದ ಗಣಿತಜ್ಞೆ ವಾಂಗ್ ಶಿಯಾವ್‌ಯುನ್ ಮತ್ತು ಸಂಗಡಿಗರು 2004ರಲ್ಲಿ ಎಂಡಿ5ನಲ್ಲಿ ಎರಡು ಬೇರೆ ಕಡತಗಳಿಗೆ ಒಂದೇ ಬೆರಳಚ್ಚು ಬರುವಂತೆ ಮಾಡಿ ತೋರಿಸಿದರು. 2017ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಮತ್ತು ಗೂಗಲ್ ಸೇರಿ ಎಸ್‌ಎಚ್‌ಎ1ಕ್ಕೂ ಅದೇ ಗತಿ ತಂದರು.

ಆಗ ನಮಗೆ ಸಹಜವಾಗಿಯೇ ಒಂದು ಯೋಚನೆ ಬರುತ್ತದೆ: ಎರಡನ್ನೂ ಪಕ್ಕಪಕ್ಕದಲ್ಲಿ ಬರೆದರಾಯಿತಲ್ಲ! ಒಂದನ್ನು ವಂಚಿಸಿದವನು ಇನ್ನೊಂದರಲ್ಲಿ ಸಿಕ್ಕಿಬೀಳುತ್ತಾನೆ. ಬಾಗಿಲಿಗೆ ಎರಡು ಬೀಗ ಹಾಕಿದಂತೆ. ತಜ್ಞರೂ ಹಾಗೆಯೇ ಯೋಚಿಸಿದ್ದರು. ಅಂತರ್ಜಾಲದ ಭದ್ರತೆಗಾಗಿ 1999ರಲ್ಲಿ ಬಂದ ಟಿಎಲ್‌ಎಸ್ 1.0 ನಿಯಮದಲ್ಲಿ ಎಂಡಿ5 ಮತ್ತು ಎಸ್‌ಎಚ್‌ಎ1 ಎರಡನ್ನೂ ಜೋಡಿಸಿ ಬಳಸಲಾಗಿತ್ತು.

ಕೊರವಂಗಲದಿಂದ ಹಾಸನಕ್ಕೆ

ಈ ನಂಬಿಕೆಯನ್ನು ಫ್ರಾನ್ಸಿನ ಆಂಟ್ವಾನ್ ಜೂ 2004ರಲ್ಲಿ ಅಲುಗಾಡಿಸಿದರು. ಅವರ ಮಾತು ಒಂದು ಉದಾಹರಣೆಯಿಂದ ತಿಳಿಯುತ್ತದೆ.

ಕೊರವಂಗಲದಿಂದ ಹಾಸನಕ್ಕೆ ಹತ್ತು ನಿಲ್ದಾಣಗಳ ದಾರಿ ಎಂದು ಭಾವಿಸಿ. ಪ್ರತಿ ನಿಲ್ದಾಣದಿಂದ ಮುಂದಿನದಕ್ಕೆ ಎರಡು ಹಾದಿಗಳಿವೆ, ಎರಡೂ ಅಲ್ಲಿಯೇ ಕೂಡುತ್ತವೆ. ನೀವು ಹುಡುಕಬೇಕಾದದ್ದು ಹತ್ತು ಜೋಡಿ ಹಾದಿಗಳನ್ನು ಮಾತ್ರ. ಆದರೆ ಹೋಗಬಹುದಾದ ಬಗೆಗಳು ಎಷ್ಟು? ಎರಡನ್ನು ಹತ್ತು ಸಲ ಗುಣಿಸಿ: 1024. ನಿಲ್ದಾಣಗಳು ಇಪ್ಪತ್ತಾದರೆ ಹತ್ತು ಲಕ್ಷಕ್ಕೂ ಹೆಚ್ಚು. ಎಲ್ಲವೂ ಕೊನೆಗೆ ಹಾಸನದ ಬಸ್ ನಿಲ್ದಾಣಕ್ಕೇ ಬರುತ್ತವೆ.

ಈ ಹ್ಯಾಶ್‌ಗಳೂ ಕಡತವನ್ನು ಹೀಗೆ ತುಂಡು ತುಂಡಾಗಿ ಓದುತ್ತಾ ಹೋಗುತ್ತವೆ. ಪ್ರತಿ ಹೆಜ್ಜೆಯಲ್ಲೂ ಒಂದೇ ಫಲ ಕೊಡುವ ಎರಡು ತುಂಡು ಸಿಕ್ಕರೆ, ಸ್ವಲ್ಪ ಶ್ರಮದಲ್ಲಿಯೇ ಒಂದೇ ಬೆರಳಚ್ಚಿನ ಅಸಂಖ್ಯ ಕಡತಗಳು ತಯಾರು. ಆ ರಾಶಿಯಲ್ಲಿ ಎರಡನೆಯ ಹ್ಯಾಶ್‌ನಲ್ಲೂ ಹೊಂದುವ ಎರಡನ್ನು ಹುಡುಕಿದರೆ ಎರಡೂ ಬೀಗ ಒಟ್ಟಿಗೆ ತೆರೆದಂತೆ. ಎರಡು ಹ್ಯಾಶ್‌ಗಳ ಬಲ ಗುಣಾಕಾರವಾಗುತ್ತದೆ ಎಂದುಕೊಂಡಿದ್ದೆವು. ನಿಜದಲ್ಲಿ ಅದು ಬಲಶಾಲಿಯಾದ ಒಂದರ ಬಲಕ್ಕಿಂತ ಹೆಚ್ಚೇನೂ ಆಗುವುದಿಲ್ಲ. ಒಂದರ ಫಲವನ್ನು ಇನ್ನೊಂದಕ್ಕೆ ಉಣಿಸುವ ಕ್ರಮವಂತೂ ಇನ್ನೂ ದುರ್ಬಲ. ಮೊದಲನೆಯದು ಮೋಸಹೋದರೆ ಎರಡನೆಯದಕ್ಕೆ ಗೊತ್ತೇ ಆಗದು. 2008ರ ಟಿಎಲ್‌ಎಸ್ 1.2 ಆ ಜೋಡಿಯನ್ನು ಕೈಬಿಟ್ಟಿತು.

ನಾವೇನು ಮಾಡಬೇಕು?

ಗಾಬರಿ ಬೇಡ. ನಿಮ್ಮ ಬಳಿ ಈಗಾಗಲೇ ಇರುವ ಧ್ವನಿಮುದ್ರಣದ ಬೆರಳಚ್ಚಿಗೆ ಹೊಂದುವ ಇನ್ನೊಂದನ್ನು ತಯಾರಿಸುವುದು ಈ ಹಳೆಯ ಕ್ರಮಗಳಲ್ಲೂ ಅತಿ ಕಷ್ಟ. ಅಪಾಯವಿರುವುದು ಎರಡೂ ಪ್ರತಿಗಳನ್ನು ಮೊದಲೇ ತಾನೇ ತಯಾರಿಸಿ, ಒಂದನ್ನು ತೋರಿಸಿ ಇನ್ನೊಂದನ್ನು ಬಚ್ಚಿಡುವವರಿಂದ. ಪಾಲು ಬಿಟ್ಟುಕೊಡುವ ಪತ್ರವನ್ನು ಎದುರಿನವರೇ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿ ತಂದಾಗ ಎಚ್ಚರ ಬೇಕು.

ಆದ್ದರಿಂದ ಪ್ರಮಾಣಪತ್ರ ತುಂಬಿಸುವಾಗ ವಕೀಲರಲ್ಲಿ, ತಜ್ಞರಲ್ಲಿ ಎಸ್‌ಎಚ್‌ಎ256 ಸಂಖ್ಯೆಯನ್ನೇ ಕೇಳಿರಿ. ಅದರ ಜೊತೆ ಹಳೆಯದೊಂದು ಇದ್ದರೆ ಕೆಡುಕಿಲ್ಲ, ಆದರೆ ಹಳೆಯವೆರಡನ್ನೇ ಬರೆದು 'ಎರಡಿವೆಯಲ್ಲ' ಎಂದರೆ ಒಪ್ಪಬೇಡಿ. ಎದುರು ಪಕ್ಷದ ವಕೀಲರಿಗೆ ಸಂಶಯ ಎತ್ತಲು ನಾವೇ ಬಾಗಿಲು ತೆರೆದಂತಾಗುತ್ತದೆ. ಮೂಲ ಸಂದೇಶವನ್ನು ಅಳಿಸಬೇಡಿ, ಆ ಮೊಬೈಲನ್ನು ಮಾರಬೇಡಿ. ಹ್ಯಾಶ್ ಸಂಖ್ಯೆಯ ಒಂದು ಪ್ರತಿ ನಿಮ್ಮ ಕೈಯಲ್ಲೂ ಇರಲಿ. ಪಾಲಿನ ಪತ್ರವಾದರೆ ಸಹಿ ಮಾಡುವ ಮೊದಲೇ ಮುದ್ರಿತ ಪ್ರತಿಯನ್ನು ಕೇಳಿ ಪಡೆದು, ನಿಮ್ಮ ನಂಬಿಕೆಯವರಿಂದ ಪೂರ್ತಿ ಓದಿಸಿಕೊಳ್ಳಿ.