ಜಪ್ತಿಯಾದ ಜಾನುವಾರಿನ ಮೇವಿನ ಖರ್ಚು: ಮಾಲೀಕರೇ ಕೊಡಬೇಕೆ?

ಹಿಂಸೆಯ ಆರೋಪದ ಮೇಲೆ ಪೊಲೀಸರು ಜಪ್ತಿ ಮಾಡಿದ ಎತ್ತು, ಎಮ್ಮೆ, ಕುದುರೆಗಳು ಕಾನೂನಿನ ಲೆಕ್ಕದಲ್ಲಿ ಪ್ರಕರಣದ ಸ್ವತ್ತು. ಅವುಗಳನ್ನು ಹೊತ್ತು ತಂದ ಲಾರಿಯೂ ಸ್ವತ್ತೇ. ಲಾರಿ ಠಾಣೆಯ ಅಂಗಳದಲ್ಲಿ ವರ್ಷಗಟ್ಟಲೆ ನಿಂತರೆ ತುಕ್ಕು ಹಿಡಿಯುತ್ತದೆ, ಎತ್ತಿಗೆ ಮಾತ್ರ ಅದೇ ಸಂಜೆ ಮೇವು, ನೀರು ಬೇಕು. ರಾಷ್ಟ್ರೀಯ ಹೆದ್ದಾರಿ 48 ಹಾವೇರಿ, ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರು, ರಾಣೆಬೆನ್ನೂರುಗಳ ಮೂಲಕ ಹಾದುಹೋಗುತ್ತದೆ. ಜಾನುವಾರು ಸಂತೆಗಳಿರುವ ಈ ಸೀಮೆಯಲ್ಲಿ ದನ ಸಾಗಿಸುವ ವಾಹನ ತಡೆದಾಗಲೆಲ್ಲ ಒಂದೇ ಪ್ರಶ್ನೆ ಏಳುತ್ತದೆ: ತೀರ್ಪು ಬರುವವರೆಗಿನ ಪಾಲನೆಯ ಖರ್ಚು ಯಾರ ತಲೆಗೆ?

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 35ನೇ ಕಲಂ ಪ್ರಕಾರ ಸಾಗಣೆ, ಪಾಲನೆ, ಚಿಕಿತ್ಸೆಯ ವೆಚ್ಚವನ್ನು ಮಾಲೀಕ ಕೊಡಬೇಕು. ದರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರು ನಿಗದಿ ಮಾಡುತ್ತಾರೆ. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಮಾಲೀಕ ಬಡವನಾದರೆ ಚಿಕಿತ್ಸೆಯ ಶುಲ್ಕ ಬಿಡಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. 2017ರ ಮೇ ತಿಂಗಳಲ್ಲಿ ಬಂದ ಕೇಂದ್ರದ ನಿಯಮಗಳು ಇದನ್ನು ಬಿಗಿ ಮಾಡಿದವು. ಈಗಾಗಲೇ ಆದ ಮತ್ತು ಮುಂದೆ ಆಗಬಹುದಾದ ಖರ್ಚಿಗೆ ಆರೋಪಿ, ಮಾಲೀಕರು 3 ದಿನದೊಳಗೆ ಜಾಮೀನುಸಹಿತ ಮುಚ್ಚಳಿಕೆ ಬರೆದುಕೊಡಬೇಕು, ತಪ್ಪಿದರೆ ಪ್ರಾಣಿ ಕೈಬಿಟ್ಟುಹೋಗುತ್ತದೆ ಎಂಬುದು ಆ ನಿಯಮಗಳ ತಿರುಳು. ರಾಜ್ಯದಲ್ಲಿ 2021ರ ಜನವರಿ 18ರಿಂದ ಜಾರಿಯಲ್ಲಿರುವ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯಡಿಯೂ ಜಪ್ತಿ ನಡೆಯುತ್ತದೆ.

ಪರ: ಮಾಲೀಕರೇ ಕೊಡಬೇಕು

ಜಪ್ತಿಯಿಂದ ಒಡೆತನ ತಪ್ಪುವುದಿಲ್ಲ. ಎತ್ತು ಹಟ್ಟಿಯಲ್ಲಿದ್ದರೂ ಮಾಲೀಕನೇ ಹೊಟ್ಟು, ಕಣಿಕೆ ಹಾಕಬೇಕಿತ್ತು. ಅದು ಗೋಶಾಲೆಯಲ್ಲಿ ನಿಂತಿದೆ ಎಂಬ ಕಾರಣಕ್ಕೆ ಆ ಹೊಣೆ ಬೇರೆಯವರಿಗೆ ದಾಟಬೇಕಾಗಿಲ್ಲ.

ಇದು ಹೊಸ ತತ್ವವೂ ಅಲ್ಲ. ಬೇರೆಯವರ ಪೈರಿಗೆ ಬಾಯಿ ಹಾಕಿದ ದನವನ್ನು ದೊಡ್ಡಿಗೆ ಹೊಡೆಯುವ ರೂಢಿಗೆ 1871ರ ಕಾಯ್ದೆಯೇ ಆಧಾರ ಕೊಟ್ಟಿತ್ತು. ದಂಡದ ಜೊತೆಗೆ ಮೇವು ನೀರಿನ ಖರ್ಚು ಕಟ್ಟಿದವರಿಗೆ ದನ ಸಿಗುತ್ತಿತ್ತು. ಯಾರೂ ಬಾರದಿದ್ದರೆ ಹರಾಜಾಗಿ, ಖರ್ಚು ಕಳೆದು ಉಳಿದ ಹಣ ಮಾಲೀಕನಿಗೆ ಸೇರುತ್ತಿತ್ತು.

ಗೋಶಾಲೆಯ ಕಡೆಯಿಂದ ಲೆಕ್ಕ ಹಾಕಿದರೆ ಭಾರ ಎಷ್ಟೆಂದು ತಿಳಿಯುತ್ತದೆ. 300 ಕೆ.ಜಿ. ತೂಕದ ದನ ದಿನಕ್ಕೆ 7ರಿಂದ 8 ಕೆ.ಜಿ. ಒಣಮೇವು ತಿನ್ನುತ್ತದೆ. ಸರಕು ವಾಹನದಲ್ಲಿ 6ಕ್ಕಿಂತ ಹೆಚ್ಚು ದನ ಸಾಗಿಸಬಾರದೆಂದು 1978ರ ಸಾಗಣೆ ನಿಯಮ ಹೇಳುತ್ತದೆ. ಅದನ್ನು ಮೀರಿ 15 ತುಂಬಿದ ಲಾರಿ ಸಿಕ್ಕಿತೆಂದರೆ ಆ ರಾತ್ರಿಯಿಂದಲೇ ದಿನಕ್ಕೆ ಕ್ವಿಂಟಲಿಗೂ ಮೀರಿ ಮೇವು ಬೇಕು. ಕಾಲು ಮುರಿದದ್ದು, ಹಗ್ಗ ಬಿಗಿದು ಮೂಗು ಹರಿದದ್ದು ಇದ್ದರೆ ಔಷಧದ ಖರ್ಚು ಬೇರೆ. 2022ರಲ್ಲಿ ಚರ್ಮಗಂಟು ರೋಗ ಹಾವೇರಿ ಜಿಲ್ಲೆಯನ್ನು ಕಾಡಿದಾಗ, ಹೊರಗಿಂದ ಬಂದ ದನವನ್ನು ಬೇರೆ ಕಟ್ಟಿ ನೋಡಿಕೊಳ್ಳುವುದು ಎಷ್ಟು ಮುಖ್ಯವೆಂಬುದು ಎಲ್ಲರಿಗೂ ತಿಳಿಯಿತು. ಈ ಹಣ ಬಾರದಿದ್ದರೆ ದಾನಿಗಳ ಕೊಡುಗೆ ಕರಗುತ್ತದೆ, ಮೊದಲೇ ಅಲ್ಲಿದ್ದ ಮುದಿ ದನಗಳ ಗೋದಲಿ ಬರಿದಾಗುತ್ತದೆ.

ಮೂಲ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ ಮಾತ್ರ. ಅಷ್ಟು ತೆತ್ತು ಹೊರಬರುವವರಿಗೆ ಪಾಲನಾ ವೆಚ್ಚವೇ ನಿಜವಾದ ಕಡಿವಾಣ. ವಾಹನದ ಮಾಲೀಕ, ಕಳಿಸಿದವ, ತರಿಸಿಕೊಂಡವ, ದಲ್ಲಾಳಿ ಎಲ್ಲರೂ ಜಂಟಿಯಾಗಿ ಹೊಣೆಗಾರರೆಂದು 2017ರ ನಿಯಮ ಹೇಳುವುದರಿಂದ, ಭಾರ ಬಡ ರೈತನೊಬ್ಬನ ಮೇಲೆಯೇ ಬೀಳುತ್ತದೆ ಎನ್ನಲಾಗದು.

ವಿರೋಧ: ತೀರ್ಪಿಗೆ ಮೊದಲು ವಸೂಲಿ ಸಲ್ಲದು

ಆರೋಪ ಬಂದ ಮಾತ್ರಕ್ಕೆ ಅಪರಾಧ ಸಾಬೀತಾಗುವುದಿಲ್ಲ. 1960ರ ಕಾಯ್ದೆಯ 29ನೇ ಕಲಂ ಕೂಡ ಶಿಕ್ಷೆಯಾದ ಮೇಲಷ್ಟೇ ಪ್ರಾಣಿಯ ಒಡೆತನ ಕಸಿಯಲು ಅವಕಾಶ ಕೊಡುತ್ತದೆ. ಮುಚ್ಚಳಿಕೆ ಬರೆಯಲಾಗದವನ ಎತ್ತನ್ನು 3 ದಿನದಲ್ಲಿ ಕೈತಪ್ಪಿಸುವ ನಿಯಮ ಮೂಲ ಕಾಯ್ದೆಯನ್ನೇ ಮೀರುತ್ತದೆ. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ, ಪ್ರಾಣಿಗಳು ಜನರ ಜೀವನಾಧಾರವೆಂದು ನೆನಪಿಸಿ, ಈ ನಿಯಮಗಳನ್ನು ಬದಲಿಸದಿದ್ದರೆ ತಡೆ ನೀಡಬೇಕಾದೀತೆಂದು ಕೇಂದ್ರಕ್ಕೆ ಹೇಳಿತ್ತು.

ದೊಡ್ಡಿಯ ಹೋಲಿಕೆ ಇಲ್ಲಿ ಹೊಂದುವುದಿಲ್ಲ. ದೊಡ್ಡಿಯಲ್ಲಿ ದರ ಗೊತ್ತಿತ್ತು, ಹಣ ಕಟ್ಟಿದೊಡನೆ ದನ ಬಿಡಿಸಿಕೊಂಡು ಮನೆಗೆ ಹೊಡೆದುಕೊಂಡು ಹೋಗಬಹುದಿತ್ತು. ಇಲ್ಲಿ ಹಣ ಕಟ್ಟಿದರೂ ದನ ಸಿಗುವ ಖಾತ್ರಿಯಿಲ್ಲ. ಪ್ರಕರಣ ಎಳೆದಷ್ಟೂ ಲೆಕ್ಕ ಬೆಳೆಯುತ್ತದೆ, ಆ ವಿಳಂಬ ಮಾಲೀಕನ ಕೈಯಲ್ಲಿಲ್ಲ. 2022ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಪುಣ್ಯಕೋಟಿ ದತ್ತು ಯೋಜನೆ ಒಂದು ಗೋವಿಗೆ ವರ್ಷಕ್ಕೆ 11,000 ರೂಪಾಯಿ, ಅಂದರೆ ದಿನಕ್ಕೆ ಸುಮಾರು 30 ರೂಪಾಯಿ ನಿಗದಿ ಮಾಡಿತು. ಆ ದರ ಹಿಡಿದರೂ ಒಂದು ಜೋಡಿ ಎತ್ತಿಗೆ 2 ವರ್ಷಕ್ಕೆ 44,000 ರೂಪಾಯಿ. 50 ರೂಪಾಯಿ ದಂಡದ ಆರೋಪಕ್ಕೆ ಇಷ್ಟು ದೊಡ್ಡ ಹೊರೆ ಹೊರಿಸಿದರೆ ಅದು ತೀರ್ಪಿಲ್ಲದೆ ಕೊಟ್ಟ ಶಿಕ್ಷೆಯಾಗುತ್ತದೆ.

ಕಳೆದುಕೊಂಡದ್ದರ ಲೆಕ್ಕವನ್ನೂ ಹಾಕಬೇಕು. ಮೇ ತಿಂಗಳಲ್ಲಿ ಸಂತೆಯಿಂದ ತಂದ ಎತ್ತು ಜಪ್ತಿಯಾದರೆ ಜೂನ್‌ನಲ್ಲಿ ಗೋವಿನಜೋಳ ಬಿತ್ತುವ ಕೂರಿಗೆ ನಿಲ್ಲುತ್ತದೆ, ಮುಂದೆ ಎಡೆಕುಂಟೆ ಹೊಡೆಯಲು ಬಾಡಿಗೆ ಜೋಡಿ ಹುಡುಕಬೇಕಾಗುತ್ತದೆ. ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಕೊಡುವ ಸಂಚಾರಿ ಕುರಿಗಾಹಿಗೆ ಗಂಟುಮೂಟೆ, ಎಳೆಮರಿಗಳನ್ನು ಹೊರುವ ಕುದುರೆಯೇ ಅರ್ಧ ಮನೆ. ಅದು ಹೋದರೆ ಹಿಂಡಿನ ದಾರಿಯೇ ನಿಲ್ಲುತ್ತದೆ. ಊರೂರು ತಿರುಗುವವನು ವಿಚಾರಣೆಯ ದಿನಕ್ಕೆ ಕೋರ್ಟಿಗೆ ಬರುವುದೂ ಕಷ್ಟ. ಗೋಶಾಲೆಯಲ್ಲಿ ಸಿಕ್ಕ ಹಾಲು, ಸಗಣಿಗೊಬ್ಬರದ ಬೆಲೆಯನ್ನು ಖರ್ಚಿನಿಂದ ಕಳೆಯದೆ ಪೂರ್ತಿ ಮೊತ್ತ ಕೇಳುವುದೂ ನ್ಯಾಯವಲ್ಲ. ಜಪ್ತಿ ಮಾಡಿದ್ದು ಸರ್ಕಾರ, ಆದ್ದರಿಂದ ತೀರ್ಪಿನವರೆಗೆ ಸಾಕುವ ಹೊಣೆಯೂ ಸರ್ಕಾರದ್ದೇ.

ಎರಡೂ ವಾದ ಕೂಡುವ ಜಾಗ

ನ್ಯಾಯ ಯಾರ ಕಡೆಗಿದ್ದರೂ ಪ್ರಾಣಿ ಒಂದು ಹೊತ್ತೂ ಉಪವಾಸ ಬೀಳಬಾರದು ಎಂಬುದರಲ್ಲಿ ಇಬ್ಬರಿಗೂ ತಕರಾರಿಲ್ಲ. ಆದ್ದರಿಂದ ಮೊದಲು ಯಾರು ಹಾಕಬೇಕು, ಕೊನೆಗೆ ಯಾರು ತುಂಬಬೇಕು ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟರೆ ಜಗಳ ಅರ್ಧ ತೀರುತ್ತದೆ. ಸರ್ಕಾರ ಮೊದಲು ಕೊಟ್ಟು, ಶಿಕ್ಷೆಯಾದರೆ ಆರೋಪಿಗಳಿಂದ ವಸೂಲು ಮಾಡಬಹುದು, ಖುಲಾಸೆಯಾದರೆ ತಾನೇ ಭರಿಸಬಹುದು.

ಪ್ರಾಣಿಯನ್ನು ಯಾರ ವಶಕ್ಕೆ ಕೊಡಬೇಕೆಂಬುದಕ್ಕೆ 1998ರಲ್ಲಿ ಸುಪ್ರೀಂ ಕೋರ್ಟ್ ದಾರಿ ತೋರಿದೆ. ಗೋಶಾಲೆಗೇ ಕೊಡಬೇಕೆಂಬ ಕಡ್ಡಾಯವಿಲ್ಲ. ಆರೋಪ ಎಷ್ಟು ಗಂಭೀರ, ಮೊದಲ ತಪ್ಪೋ ಅಲ್ಲವೋ, ಸಿಕ್ಕಾಗ ಪ್ರಾಣಿಯ ಸ್ಥಿತಿ ಹೇಗಿತ್ತು, ಮತ್ತೆ ಹಿಂಸೆಯಾಗುವ ಭಯವಿದೆಯೇ ಎಂಬುದನ್ನು ಮ್ಯಾಜಿಸ್ಟ್ರೇಟರು ತೂಗಿ ನೋಡಬೇಕು. ಉಳುವ ಎತ್ತು, ಹೇರು ಹೊರುವ ಕುದುರೆಯನ್ನು ಮುಚ್ಚಳಿಕೆಯ ಮೇಲೆ ಮಾಲೀಕನಿಗೆ ಮರಳಿಸಿದರೆ ಖರ್ಚಿನ ತಕರಾರೇ ಹುಟ್ಟುವುದಿಲ್ಲ.

ಇದಕ್ಕೆಲ್ಲ ಪಂಚನಾಮೆ ಗಟ್ಟಿಯಾಗಿರಬೇಕು. ಬಣ್ಣ, ಕೊಂಬು, ಗಾಯ, ಕಿವಿಯೋಲೆಯ 12 ಅಂಕಿಯ ಸಂಖ್ಯೆ ದಾಖಲಾಗಬೇಕು. ಪಶುವೈದ್ಯರು ಬಾಯಿ ಬಿಡಿಸಿ ಹಲ್ಲೆಣಿಸಿ, ಎರಡು ಹಲ್ಲಿನ ಹೋರಿಯೋ ಬಾಯಿ ಕೂಡಿದ ಎತ್ತೋ ಎಂದು ಬರೆಯಬೇಕು. ಆ ದಿನದ ಸ್ಥಿತಿ, ಮುಂದಿನ ಚಿಕಿತ್ಸೆ, ದಿನದ ದರ ಮೂರೂ ಕಾಗದದ ಮೇಲಿದ್ದರೆ ಗೋಶಾಲೆ ಹೆಚ್ಚು ಕೇಳಲಾರದು, ಮಾಲೀಕ ಕಡಿಮೆ ಎನ್ನಲಾರ.