ಬಚ್ಚಲು ನಿಮ್ಮದು, ಕೈ ನಮ್ಮದೇಕೆ?



ಮದುವೆ ಮಾಡುವಾಗ ಇವರಿಗೆ ನಮ್ಮ ನೆನಪಾಗುವುದಿಲ್ಲ. ಗೃಹಪ್ರವೇಶ ಮಾಡುವಾಗಲೂ ಆಗುವುದಿಲ್ಲ. ಬಚ್ಚಲು ಕಟ್ಟಿಕೊಂಡರೆ ಮಾತ್ರ ತಟ್ಟನೆ ನೆನಪಾಗುತ್ತೇವೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ಊರಿನ ಬಡಾವಣೆಗಳಲ್ಲಿ ಇದೇ ಕತೆ. ಬೆಳಿಗ್ಗೆ ಸ್ನಾನಕ್ಕೆ ನಿಂತವರ ಪಾದ ಮುಳುಗುವಷ್ಟು ನೀರು ನಿಂತಿತು ಅನ್ನಿ, ಬೀದಿ ಗುಡಿಸುತ್ತಿರುವ ನಮ್ಮವನಿಗೆ ಕೂಗು ಬೀಳುತ್ತದೆ. "ಏ, ಇಲ್ಲಿ ಬಾರ್ಲಾ, ಬಚ್ಲು ಕಟ್ಕೊಂಡದೆ, ಒಸಿ ಕೈ ಹಾಕಿ ತೆಗ್ದುಕೊಡು."

ನಮ್ಮವನು ಹೋಗುತ್ತಾನೆ. ಮುಂಬಾಗಿಲಿನಿಂದಲ್ಲ, ಹಿತ್ತಲಿನಿಂದ. ಬರಿಗೈಯನ್ನು ಮೊಣಕೈವರೆಗೆ ಇಳಿಸುತ್ತಾನೆ. ಕೆಲಸ ಮುಗಿದ ಮೇಲೆ ಅದೇ ಬಚ್ಚಲಲ್ಲಿ ಕೈ ತೊಳೆಯಲು ಬಿಡುವುದಿಲ್ಲ, ಹೊರಗಿನ ನಲ್ಲಿ ತೋರಿಸುತ್ತಾರೆ. ನೋಟನ್ನು ಮೇಲಿನಿಂದ ಬಿಡುತ್ತಾರೆ. ಹಿಂದೆ ಕಾಫಿಗೆ ನಮಗೇ ಅಂತ ಬೇರೆ ಲೋಟ ಇತ್ತು. ಈಗ ಪೇಪರ್ ಲೋಟ ಬಂದು ಅವರಿಗೆ ಅನುಕೂಲವಾಯಿತು. ಕೇಳಿದರೆ, "ಜಾತಿ ಎಲ್ಲಪ್ಪಾ ಈಗ?" ಅನ್ನುತ್ತಾರೆ.

ಹಾಗಾದರೆ ಆ ತೂಬಿನೊಳಗೆ ಇರುವುದಾದರೂ ಏನು? ಸ್ವಲ್ಪ ನೋಡೋಣ.

ಇರುವುದು ಅವರದೇ ಕೂದಲು. ಅವರದೇ ಮೈಯ ಎಣ್ಣೆ, ಅವರದೇ ಸೋಪು. ಬೋರ್‌ವೆಲ್ಲಿನ ಗಡುಸು ನೀರಲ್ಲಿ ಸೋಪು ಸರಿಯಾಗಿ ನೊರೆ ಕೊಡುವುದಿಲ್ಲ. ನೀರಿನ ಸುಣ್ಣದ ಅಂಶದ ಜೊತೆ ಸೇರಿ ಬಿಳಿ ಗಸಿಯಾಗಿ ಕೂರುತ್ತದೆ. ಅದರ ಮೇಲೆ ಕೂದಲು ಸುತ್ತಿಕೊಂಡು ಉಂಡೆಯಾಗುತ್ತದೆ. ಹಿಂದೆ ಬಚ್ಚಲ ನೀರು ಹಿತ್ತಲ ಬಾಳೆಬುಡಕ್ಕೆ ಹರಿದು ಹೋಗುತ್ತಿತ್ತು, ಕಟ್ಟಿಕೊಳ್ಳುವ ಮಾತೇ ಇರಲಿಲ್ಲ. ಈಗ ಜಾಲರಿ ಬಂತು, ಅದರ ಕೆಳಗೆ ವಾಸನೆ ತಡೆಯಲು ನೀರು ನಿಲ್ಲುವ ಟ್ರ್ಯಾಪ್ ಬಂತು, ಪೈಪು ಬಂತು. ಉಂಡೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಆ ಟ್ರ್ಯಾಪಿನಲ್ಲೇ, ಗೇಣುದ್ದದ ಒಳಗೇ.

ಅದನ್ನು ತೆಗೆಯಲು ಯಾವ ವಿದ್ಯೆಯೂ ಬೇಡ. ಸ್ಕ್ರೂಡ್ರೈವರಿನಿಂದ ಜಾಲರಿ ಎತ್ತಿ. ಒಳಗೆ ಬಟ್ಟಲು ಇದ್ದರೆ ಅದನ್ನೂ ಎತ್ತಿ ತೊಳೆಯಿರಿ. ಕೈಗೆ ರಬ್ಬರ್ ಗವುಸು ಹಾಕಿಕೊಳ್ಳಿ, ಇಲ್ಲದಿದ್ದರೆ ಗಟ್ಟಿ ಪ್ಲಾಸ್ಟಿಕ್ ಚೀಲ. ಸೈಕಲ್ ಕಡ್ಡಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಒಳಗೆ ತಿರುಗಿಸಿ ಎಳೆಯಿರಿ, ಕೂದಲು ಜಡೆಯ ಹಾಗೆ ಬರುತ್ತದೆ. ಅದನ್ನು ಮತ್ತೆ ಒಳಗೆ ತಳ್ಳಬೇಡಿ, ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ. ಇನ್ನೂ ನೀರು ಇಳಿಯದಿದ್ದರೆ ರಬ್ಬರ್ ಬಟ್ಟಲಿನ ಕೋಲಿನಿಂದ ನಾಲ್ಕಾರು ಸಲ ಒತ್ತಿ ಎಳೆಯಿರಿ. ಕೊನೆಗೆ ವಾಷಿಂಗ್ ಸೋಡಾ ಕಲಸಿದ ಬಿಸಿನೀರು ಬಿಡಿ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಪೈಪು ಮೆತ್ತಗಾಗುತ್ತದೆ. ಇಷ್ಟೇ. ಅರ್ಧ ಗಂಟೆಯ ಕೆಲಸ. ತಿಂಗಳಿಗೊಂದು ಸಲ ಜಾಲರಿಯ ಕೂದಲು ತೆಗೆದರೆ ಆ ಅರ್ಧ ಗಂಟೆಯೂ ಬೇಡ.

ಇಷ್ಟು ಸುಲಭದ ಕೆಲಸವನ್ನು ಅವರು ಯಾಕೆ ಮಾಡುವುದಿಲ್ಲ? ಬರುವುದಿಲ್ಲ ಅಂತಲ್ಲ. ಮೋಟಾರು ಬಿಚ್ಚುತ್ತಾರೆ, ಮಿಕ್ಸಿ ಬಿಚ್ಚುತ್ತಾರೆ, ಸ್ಕೂಟರಿನ ಪ್ಲಗ್ಗು ಒರೆಸುತ್ತಾರೆ. ಆ ಎಣ್ಣೆ ಮಸಿ ಕೈಗೆ ಹತ್ತಿದರೆ ಮಾನ ಹೋಗುವುದಿಲ್ಲ. ತಮ್ಮದೇ ತಲೆಯ ಕೂದಲು ತೂಬಿಗೆ ಬಿದ್ದ ಕೂಡಲೇ ಅದು ಮೈಲಿಗೆ. ಅದನ್ನು ಮುಟ್ಟುವುದಕ್ಕೆ ಹುಟ್ಟಿನಿಂದಲೇ ನೇಮಕವಾದವರು ಇದ್ದಾರೆ ಎಂಬ ಧೈರ್ಯ. ಜಾತಿ ಬರೀ ಕೆಲಸ ಹಂಚುವ ಏರ್ಪಾಡಲ್ಲ, ಮನುಷ್ಯರನ್ನೇ ಮೇಲು ಕೀಳು ಮೆಟ್ಟಿಲುಗಳಲ್ಲಿ ನಿಲ್ಲಿಸುವುದು ಎಂದು ಬಾಬಾಸಾಹೇಬರು 1936ರಲ್ಲೇ ವಾದಿಸಿದರು. ಆ ಮೆಟ್ಟಿಲು ನೋಡಬೇಕಾದರೆ ದೂರ ಹೋಗಬೇಕಿಲ್ಲ. ಬಚ್ಚಲ ಜಾಲರಿ ಎತ್ತಿದರೆ ಸಾಕು.

"ಬಚ್ಚಲು ತಾನೇ, ಪಾಯಿಖಾನೆ ಅಲ್ಲವಲ್ಲ, ಇದನ್ನೂ ದೊಡ್ಡದು ಮಾಡುತ್ತೀರಾ?" ಅಂತ ಕೆಲವರು ಕೇಳಬಹುದು. ಕೇಳಲಿ. ಅಪಾಯ ಶುರುವಾಗುವುದೇ ಅಲ್ಲಿ. ಬಚ್ಚಲಿಗೆ ಕೈ ಹಾಕಿದವನಿಗೆ ಮುಂದಿನ ಮಾತು, "ಹೆಂಗೂ ಬಂದಿದ್ದೀಯ, ಆ ಚೇಂಬರೂ ಒಸಿ ನೋಡ್ಬುಡು." ಚೇಂಬರ್ ನೋಡಿದವನಿಗೆ, "ಗುಂಡಿನೂ ತುಂಬದೆ, ಮುಚ್ಚಳ ತೆಗಿ." ಚೇಂಬರಿನವರೆಗೆ ನಾರುವುದು ಕೈ. ಗುಂಡಿಯಲ್ಲಿ ಹೋಗುವುದು ಜೀವ. ಮುಚ್ಚಿಟ್ಟ ಗುಂಡಿಯಲ್ಲಿ ಕೊಳೆತದ್ದರಿಂದ ಹುಟ್ಟುವ ಅನಿಲ ಎರಡು ಉಸಿರಿಗೆ ಮನುಷ್ಯನನ್ನು ಕೆಡವುತ್ತದೆ. ಅವನನ್ನು ಎತ್ತಲು ಇಳಿದವನನ್ನೂ ಕೆಡವುತ್ತದೆ.

ಇನ್ನೊಂದು ಮಾತು. ಅನೇಕರು ಮೊದಲು ತಾವೇ ಆಸಿಡ್ ಸುರಿಯುತ್ತಾರೆ. ಸಾಲದೆಂದು ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಎರಡೂ ಸೇರಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ಅಷ್ಟಾದರೂ ಕೂದಲು ಅಲ್ಲೇ ಇರುತ್ತದೆ. ಆಮೇಲೆ ನಮ್ಮವನನ್ನು ಕರೆಯುತ್ತಾರೆ, ಆಸಿಡ್ ಹಾಕಿದ ವಿಷಯ ಹೇಳುವುದೇ ಇಲ್ಲ. ಸುಟ್ಟ ಕೈಗೆ ಔಷಧಿ ಖರ್ಚು ಯಾರದು? ನಮ್ಮದೇ.

ಕಾನೂನು ಇಲ್ಲವೇ? ಇದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1970ರ ದಶಕದಲ್ಲಿ, ಅವರ ಸಂಪುಟದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಆಜ್ಞೆ ಮಾಡಿದರು. ಅದೇ ಬಸವಲಿಂಗಪ್ಪನವರು 1973ರಲ್ಲಿ ಮೈಸೂರಿನಲ್ಲಿ ಒಂದು ಬೂಸಾ ಮಾತು ಆಡಿದ್ದಕ್ಕೆ ಅವರ ಕುರ್ಚಿ ಹೋಯಿತು. ಮಲದ ಬುಟ್ಟಿ ಇಳಿಸಿದವರನ್ನು ಈ ಸಮಾಜ ಹೇಗೆ ಸನ್ಮಾನಿಸಿತು ಎಂಬುದನ್ನು ನಾವು ಮರೆತಿಲ್ಲ. ಆಮೇಲೆ 1993ರ ಕಾಯಿದೆ ಬಂತು. ಅದು ಬಂದ ಮೇಲೂ, 2010ರ ಜುಲೈನಲ್ಲಿ ಸವಣೂರಿನ ಭಂಗಿ ಬಂಧುಗಳು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತಾಗಲೇ ನಾಡಿಗೆ ಎಚ್ಚರವಾಯಿತು. 2013ರಲ್ಲಿ ಇನ್ನೊಂದು ಕಾಯಿದೆ ಬಂತು. ರಕ್ಷಣೆಯ ಸಾಮಾನಿಲ್ಲದೆ ಒಳಚರಂಡಿಗೋ ಶೌಚಗುಂಡಿಗೋ ಯಾರನ್ನಾದರೂ ಇಳಿಸಿದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ. ಇದು ಪುರಸಭೆಗೆ ಮಾತ್ರ ಅಲ್ಲ, ಮನೆ ಯಜಮಾನನಿಗೂ ಅನ್ವಯಿಸುತ್ತದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟು 2014ರಲ್ಲಿ ಹತ್ತು ಲಕ್ಷ ಎಂದಿತು, 2023ರಲ್ಲಿ ಮೂವತ್ತು ಲಕ್ಷ ಮಾಡಿತು.

ಆದರೆ ಕಾನೂನು ಗುಂಡಿಯ ಹೆಸರು ಹೇಳುತ್ತದೆ, ಬಚ್ಚಲಿನ ಹೆಸರು ಹೇಳುವುದಿಲ್ಲ. ಆ ಸಂದಿಯಲ್ಲೇ ನಮ್ಮವನ ಕೈ ಸಿಕ್ಕಿಕೊಂಡಿರುವುದು. ಅದನ್ನು ಬಿಡಿಸಬೇಕಾದವರು ನಾವೇ.

ಈಗ ನಮ್ಮೊಳಗಿನ ಮಾತು. ಓದಿ ನೌಕರಿ ಹಿಡಿದು ಬಡಾವಣೆಯಲ್ಲಿ ಮನೆ ಕಟ್ಟಿರುವ ನಮ್ಮ ಅಣ್ಣಂದಿರೂ ಇದ್ದಾರೆ. ಗೋಡೆಯಲ್ಲಿ ಬಾಬಾಸಾಹೇಬರ ಫೋಟೋ. ಬಚ್ಚಲು ಕಟ್ಟಿಕೊಂಡರೆ ಅವರ ಬಾಯಲ್ಲೂ ಅದೇ "ಬಾರ್ಲಾ". ಇದು ನಮಗೆ ನಾಚಿಕೆಗೇಡು. ಇನ್ನು ಕೇರಿಯ ಮನೆಗಳಲ್ಲಿ ಬಚ್ಚಲು, ಮೋರಿ ಎಲ್ಲ ಅಕ್ಕ ತಂಗಿಯರ ಪಾಲು. ಸಭೆಯಲ್ಲಿ ಸಮಾನತೆಯ ಭಾಷಣ ಬಿಗಿದು ಬಂದವನು, "ನೀರು ನಿಂತದೆ ನೋಡಮ್ಮಿ" ಅಂತ ಹೆಂಡತಿಗೆ ಹೇಳಿ ಜಗುಲಿಯಲ್ಲಿ ಕೂರುತ್ತಾನೆ. ಮೇಲಿನವರು ನಮಗೆ ಮಾಡಿದ್ದನ್ನು ನಾವು ಮನೆಯೊಳಗೆ ಹೆಂಗಸರಿಗೆ ಮಾಡುವುದಾದರೆ ನಮ್ಮ ಹೋರಾಟಕ್ಕೆ ಏನು ಅರ್ಥ?

ಹೊಟ್ಟೆಪಾಡಿಗೆ ಈ ಕೆಲಸ ಮಾಡುವ ತಮ್ಮಂದಿರಿಗೆ ಬಿಟ್ಟುಬಿಡಿ ಎಂದು ಹೇಳಿ ನಾವು ಕೈ ತೊಳೆದುಕೊಳ್ಳುವುದಿಲ್ಲ. ಸಂಜೆಗೆ ಅಕ್ಕಿ ಬೇಕು, ನಮಗೆ ಗೊತ್ತು. ನಾವು ಹೇಳುವುದು ಇಷ್ಟು. ಹೋಗುವುದಾದರೆ ಪ್ಲಂಬರ್ ಹೋಗುವ ಹಾಗೆ ಹೋಗಿ. ಕೈಗವುಸು, ಕೊಕ್ಕೆ, ಕೋಲು ಇಲ್ಲದೆ ಮುಟ್ಟಬೇಡಿ. ಆಸಿಡ್ ಹಾಕಿದ್ದಾರಾ ಅಂತ ಮೊದಲು ಕೇಳಿ. ಕೂಲಿ ಮೊದಲೇ ಮಾತಾಡಿ, ಕೈಗೇ ಇಸಕೊಳ್ಳಿ. ಮುಂಬಾಗಿಲಿನಿಂದ ಒಳಗೆ ಹೋಗಿ, ಅದೇ ಮನೆಯ ಸೋಪಿನಲ್ಲಿ ಕೈ ತೊಳೆದು ಬನ್ನಿ. ಗುಂಡಿಗೆ ಮಾತ್ರ ಯಾರು ಎಷ್ಟು ಕೊಟ್ಟರೂ ಇಳಿಯಬೇಡಿ, ಅದಕ್ಕೆ ಯಂತ್ರದ ಗಾಡಿ ಇದೆ. ಪುರಸಭೆ ಕೆಲಸದಲ್ಲಿರುವವರಿಗೆ ನೆನಪಿರಲಿ, ನಿಮ್ಮ ಸಂಬಳ ಊರಿನ ಬೀದಿಗೆ. ಯಾವ ಸಾಹೇಬರ ಬಚ್ಚಲಿಗೂ ಅಲ್ಲ.

ಬಡಾವಣೆಯ ಯಜಮಾನರಿಗೂ ಒಂದು ಮಾತು. ನಿಮ್ಮ ಕೂದಲಿಗೆ ನೀವು ಹೆದರಬೇಡಿ. ಒಂದು ಸೈಕಲ್ ಕಡ್ಡಿ ತೆಗೆದುಕೊಂಡು ಬಗ್ಗಿ. ಬಗ್ಗಿದರೆ ಬೆನ್ನೇನೂ ಮುರಿಯುವುದಿಲ್ಲ. ತಲೆಮಾರುಗಳಿಂದ ನಾವು ಬಗ್ಗಿಯೇ ಇದ್ದೆವು. ಈಗ ನೆಟ್ಟಗೆ ನಿಲ್ಲುವ ಸರದಿ ನಮ್ಮದು.

ಜೈ ಭೀಮ್.